ಹೊಟ್ಟೆಯ ಬೊಜ್ಜು ಮೊಣಕಾಲಿಗೆ ಮೆತ್ತೆಯಾಗುತ್ತಾ?



ಇವತ್ತು ರಾಜೀನಾಮೆ ಇಲ್ಲ, ರೆಸಾರ್ಟ್ ಇಲ್ಲ, ಆರೋಪ ಪ್ರತ್ಯಾರೋಪ ಇಲ್ಲ. ಇವತ್ತಿನ ವಿಷಯ ಮೊಣಕಾಲು. ನಗಬೇಡಿ. ಮನೆಯಲ್ಲಿ ಅರವತ್ತು ದಾಟಿದ ಅಪ್ಪ ಅಮ್ಮ ಇದ್ದವರಿಗೆ ಇದು ಯಾವ ಕ್ಯಾಬಿನೆಟ್ ವಿಸ್ತರಣೆಗಿಂತಲೂ ದೊಡ್ಡ ಸುದ್ದಿ.

ಬಾಗಲಕೋಟೆ ಜಿಲ್ಲೆಯಲ್ಲಿ ಮೊಣಕಾಲು ಅಂದ್ರೆ ಅನ್ನ. ಇಳಕಲ್‌ನಲ್ಲಿ ಕುಣಿಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರ ದಿನವಿಡೀ ಕಾಲಿನಿಂದ ತುಳಿಯುತ್ತಲೇ ಇರಬೇಕು. ಕಾಲು ನಿಂತರೆ ಸೀರೆ ನಿಂತಿತು. ಅದೇ ಇಳಕಲ್ ಸುತ್ತಲಿನ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಎತ್ತುವವರ ಭಾರ ಕೊನೆಗೆ ಬೀಳೋದು ಮೊಣಕಾಲಿನ ಮೇಲೆ. ಹುನಗುಂದದ ಎರೆ ಹೊಲದಲ್ಲಿ ಹೆಣ್ಣುಮಕ್ಕಳು ಕುಕ್ಕರಗಾಲಲ್ಲಿ ಕೂತು ಸಾಲಿನಿಂದ ಸಾಲಿಗೆ ಕಳೆ ತೆಗೀತಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ನಡೆದುಕೊಂಡೇ ಹೋಗ್ತೀನಿ ಅಂತ ಹರಕೆ ಹೊತ್ತ ಅಜ್ಜಿಗೆ ಈ ವರ್ಷ ಮನೆಯ ಹೊಸ್ತಿಲು ದಾಟೋದೇ ಕಷ್ಟ.

ಇಂಥ ಮನೆಯೊಂದರಿಂದ ಬಂದ ಫೋನ್ ಈ ಕಾರ್ಯಕ್ರಮಕ್ಕೆ ಕಾರಣ. ಇಳಕಲ್ ಕಡೆಯ ನೇಕಾರರ ಮಗ. ಮಾತು ಹೀಗಿತ್ತು: "ಸರ, ನಮ್ಮವ್ವಂದು ಎರಡೂ ಮೊಣಕಾಲ ಸವದಾವ ಅಂತ ಡಾಕ್ಟರ್ ಹೇಳ್ಯಾರ್ರಿ. ಈಗೊಂದು ಕ್ಲಿನಿಕ್‌ನವರು ಆಪರೇಷನ್ ಬ್ಯಾಡ, ನಿಮ್ಮವ್ವನ ಹೊಟ್ಟಿ ಕೊಬ್ಬು ತಗದು ಮೊಣಕಾಲಾಗ ಹಾಕ್ತೀವಿ, ಹೊಸಾ ಎಲುಬು ಬೆಳೀತೈತಿ ಅಂತಾರ್ರಿ. ಲಕ್ಷಗಟ್ಟಲೆ ಕೇಳ್ತಾರ್ರಿ. ಬಂಗಾರ ಮಾರೂದ್ರಾಗ ಅದೀವಿ. ಖರೇ ಏನ್ರಿ ಇದು?"

ಖರೇನಾ? ಪ್ರಶ್ನೆ ಇಷ್ಟೇ. ಆದರೆ ಉತ್ತರ ಹೌದು ಅಥವಾ ಇಲ್ಲ ಅನ್ನೋ ಒಂದು ಶಬ್ದದಲ್ಲಿ ಇಲ್ಲ. ಅದಕ್ಕೇ ಇವತ್ತಿನ ಅರ್ಧ ಗಂಟೆ.

ಮೊದಲು ವಿಜ್ಞಾನದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಕೊಬ್ಬಿನಲ್ಲಿ ಸ್ಟೆಮ್ ಸೆಲ್, ಅಂದರೆ ಆಕರಕೋಶ ಇದೆ ಅನ್ನೋದು ಸುಳ್ಳಲ್ಲ. 2001ರಲ್ಲಿ ಅಮೆರಿಕದಲ್ಲಿ ಪೆಟ್ರಿಶಿಯಾ ಝುಕ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಲೈಪೋಸಕ್ಷನ್ ಮಾಡಿ ಎಸೆಯುತ್ತಿದ್ದ ಕೊಬ್ಬನ್ನು ಪ್ರಯೋಗಾಲಯಕ್ಕೆ ತಂದರು. ಅದರಿಂದ ಬೇರ್ಪಡಿಸಿದ ಕೋಶಗಳಿಗೆ ಬೇರೆ ಬೇರೆ ರಾಸಾಯನಿಕ ಸೂಚನೆ ಕೊಟ್ಟಾಗ ಕೆಲವು ಎಲುಬಿನ ಕೋಶದ ಗುಣ ತೋರಿಸಿದವು, ಕೆಲವು ಕಾರ್ಟಿಲೇಜ್ ಅಂದರೆ ಮೃದ್ವಸ್ಥಿಯ ಗುಣ ತೋರಿಸಿದವು, ಕೆಲವು ಸ್ನಾಯುವಿನ ಗುಣ ತೋರಿಸಿದವು. ಅಲ್ಲಿಯವರೆಗೆ ಇಂಥ ಕೋಶ ಬೇಕಂದ್ರೆ ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಮಜ್ಜೆ ತೆಗೀಬೇಕಿತ್ತು. ಮಜ್ಜೆಯಲ್ಲಿ ಇವುಗಳ ಸಂಖ್ಯೆ ತೀರಾ ಕಡಿಮೆ. ಕೊಬ್ಬಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ತೆಗೆಯೋದು ಸುಲಭ, ಕೊಡೋರಿಗೂ ಬೇಜಾರಿಲ್ಲ. ಜಗತ್ತಿನಾದ್ಯಂತ ಪ್ರಯೋಗಾಲಯಗಳು ಕೊಬ್ಬಿನ ಹಿಂದೆ ಬಿದ್ದದ್ದು ಇದಕ್ಕೇ.

ಮುಂದೆ ಏನಾಯ್ತು? 2004ರಲ್ಲಿ ಜರ್ಮನಿಯ ಗೀಸನ್ ಎಂಬ ಊರಿನ ವೈದ್ಯರು ಒಂದು ವರದಿ ಪ್ರಕಟಿಸಿದರು. ತಲೆಗೆ ಪೆಟ್ಟಾಗಿ ತಲೆಬುರುಡೆಯ ಎಲುಬು ಕಳೆದುಕೊಂಡಿದ್ದ 7 ವರ್ಷದ ಹುಡುಗಿ. ಅವಳದೇ ದೇಹದ ಕೊಬ್ಬಿನ ಕೋಶಗಳನ್ನು ಬಳಸಿ ಆ ಖಾಲಿ ಜಾಗ ತುಂಬಿದರು. ಮೂರು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಹೊಸ ಎಲುಬು ಕಂಡಿತು. 2009ರಲ್ಲಿ ಫಿನ್ಲೆಂಡಿನಿಂದ ಇನ್ನೊಂದು ವರದಿ. ಮೇಲ್ದವಡೆ ಕಳೆದುಕೊಂಡಿದ್ದ ರೋಗಿಯ ಕೊಬ್ಬಿನ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಟೈಟೇನಿಯಂ ಚೌಕಟ್ಟಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳ ಜೊತೆ ತುಂಬಿ, ಎಲುಬು ಬೆಳೆಸುವ ಪ್ರೋಟೀನ್ ಸೇರಿಸಿ, ಅದನ್ನು ಅವರದೇ ಹೊಟ್ಟೆಯ ಸ್ನಾಯುವಿನೊಳಗೆ ಎಂಟು ತಿಂಗಳು ಇಟ್ಟರು. ಅದು ರಕ್ತನಾಳ ಹಿಡಿದು ಎಲುಬಾಯಿತು. ಆಮೇಲೆ ತೆಗೆದು ದವಡೆಗೆ ಕೂರಿಸಿದರು. ಇದು ನಿಜಕ್ಕೂ ಬೆರಗಾಗೋ ಸಂಗತಿ.

ಈಗ ಕ್ಲಿನಿಕ್‌ನವರು ಹೇಳದ ಅರ್ಧ ಕೇಳಿ. ಆ ಜರ್ಮನ್ ಹುಡುಗಿಗೆ ಬರೀ ಕೊಬ್ಬಿನ ಕೋಶ ಹಾಕಿರಲಿಲ್ಲ. ಅವಳ ಸೊಂಟದ ಎಲುಬಿನ ಪುಡಿಯನ್ನೂ ಸೇರಿಸಿದ್ದರು, ಅಂಟು ಹಾಕಿದ್ದರು, ಮೇಲೆ ಕೆಳಗೆ ಹಾಳೆ ಇಟ್ಟು ಭದ್ರ ಮಾಡಿದ್ದರು. ಹೊಸ ಎಲುಬಿನಲ್ಲಿ ಕೊಬ್ಬಿನ ಪಾಲೆಷ್ಟು, ಸೊಂಟದ ಎಲುಬಿನ ಪಾಲೆಷ್ಟು? ಒಬ್ಬಳೇ ರೋಗಿಯಿಂದ ಹೇಳೋಕಾಗಲ್ಲ. ಫಿನ್ಲೆಂಡಿನದೂ ಒಬ್ಬರೇ ರೋಗಿ, ತಿಂಗಳುಗಟ್ಟಲೆ ಕೆಲಸ. ಸೂಜಿ ಚುಚ್ಚಿ ಅದೇ ದಿನ ಸಂಜೆ ಮನೆಗೆ ಕಳಿಸಿದ ಕಥೆ ಇದಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ವೈದ್ಯಕೀಯ ಅಲ್ಲ. ಆದರೆ ಈ ಕ್ಷೇತ್ರದ ಹೆಸರೇ ಟಿಶ್ಯೂ ಎಂಜಿನಿಯರಿಂಗ್, ಹಾಗಾಗಿ ಒಂದು ಮಾತು ಹೇಳಬಲ್ಲೆ. ಇಲ್ಲಿ ಮೂರು ವಸ್ತು ಬೇಕು: ಕೋಶ, ಅದು ಹಿಡಿದು ಬೆಳೆಯೋಕೆ ಒಂದು ಹಂದರ, ಏನಾಗಿ ಬೆಳೀಬೇಕು ಅಂತ ಹೇಳುವ ಸೂಚನೆ. ಇಳಕಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಶ ಅಂದ್ರೆ ನೂಲು. ಹಂದರ ಅಂದ್ರೆ ಮಗ್ಗ. ಸೂಚನೆ ಅಂದ್ರೆ ಸೀರೆಯ ವಿನ್ಯಾಸ. ನೂಲಿನ ಉಂಡೆ ತಂದು ಮಡಿಲಿಗೆ ಹಾಕಿ, ತಗೊಳ್ಳಿ ಸೀರೆ ಅಂದ್ರೆ ಒಪ್ತೀರಾ? ಕೊಬ್ಬಿನ ಕೋಶವನ್ನು ನೇರವಾಗಿ ಕೀಲಿಗೆ ಚುಚ್ಚಿ ಹೊಸ ಎಲುಬು ಬರುತ್ತೆ ಅನ್ನೋದು ಹೆಚ್ಚುಕಡಿಮೆ ಇದೇ ಮಾತು.

ಇನ್ನೂ ಒಂದಿದೆ. ಇಳಕಲ್ ಸೀರೆಯ ಗುಟ್ಟು ಕೊಂಡಿಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿ ಸಡಿಲಾದರೆ ಸೆರಗು ನಿಲ್ಲಲ್ಲ. ಮೊಣಕಾಲಿನಲ್ಲೂ ಹಾಗೇ. ಹೊಸ ಕಾರ್ಟಿಲೇಜ್ ಬೆಳೆದರೂ ಅದು ಹಳೆಯದರ ಜೊತೆ, ಕೆಳಗಿನ ಎಲುಬಿನ ಜೊತೆ ಬೆಸೆದುಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ದೇಹದ ತೂಕದ ಸುಮಾರು ಮೂರು ಪಟ್ಟು ಒತ್ತಡ ಆ ಬೆಸುಗೆಯ ಮೇಲೆ ಬೀಳುತ್ತೆ. ಅಲ್ಲೇ ವಿಜ್ಞಾನ ಇವತ್ತಿಗೂ ಒದ್ದಾಡ್ತಾ ಇರೋದು.

ಎಲುಬು ಮತ್ತು ಕಾರ್ಟಿಲೇಜ್ ಬೇರೆ ಬೇರೆ ಅನ್ನೋದನ್ನೂ ತಿಳ್ಕೊಳ್ಳಿ. ಕೈ ಮುರಿದರೆ ಪಟ್ಟಿ ಕಟ್ಟಿ ಆರೇಳು ವಾರ ಬಿಟ್ಟರೆ ಎಲುಬು ತಾನೇ ಕೂಡಿಕೊಳ್ಳುತ್ತೆ, ಯಾಕಂದ್ರೆ ಅದರಲ್ಲಿ ರಕ್ತ ಹರಿಯುತ್ತೆ. ಕೀಲಿನ ತುದಿಯ ಕಾರ್ಟಿಲೇಜ್‌ನಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಅದಕ್ಕೇ ಸವೆಯುವಾಗ ಮೊದಮೊದಲು ಗೊತ್ತಾಗಲ್ಲ. ಸವೆದ ಮೇಲೆ ತಾನಾಗಿ ತುಂಬಿಕೊಳ್ಳಲ್ಲ. ತುಂಬಿಕೊಂಡರೂ ಅನೇಕ ಸಲ ಬರೋದು ಗಾಯದ ಕಲೆಯಂಥ ನಾರಿನ ಅಂಗಾಂಶ, ಮೊದಲಿನ ನುಣುಪು ಮೆತ್ತೆಯಲ್ಲ.

ಹಾಗಾದರೆ ಈ ಚುಚ್ಚುಮದ್ದಿನಿಂದ ಏನೂ ಆಗಲ್ವಾ? ಹಾಗೂ ಹೇಳಲ್ಲ. 2014ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು 18 ಜನರಿಗೆ ಅವರದೇ ಕೊಬ್ಬಿನಿಂದ ಬೆಳೆಸಿದ ಕೋಶಗಳನ್ನು ಮೊಣಕಾಲಿಗೆ ಕೊಟ್ಟರು. 10 ಕೋಟಿ ಕೋಶಗಳ ದೊಡ್ಡ ಡೋಸ್ ಪಡೆದವರಲ್ಲಿ ನೋವು ಇಳಿಯಿತು, ಕಾರ್ಟಿಲೇಜ್‌ನ ಗಾಯದಲ್ಲೂ ಸುಧಾರಣೆ ಕಂಡಿತು ಅಂತ ಬರೆದರು. ಆಸೆ ಹುಟ್ಟಿಸುವ ಫಲಿತಾಂಶ. ಆದರೆ 18 ಜನ.

2023ರಲ್ಲಿ ಅಮೆರಿಕದಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 475 ಮಂದಿ, ನಾಲ್ಕು ಗುಂಪು. ಒಂದು ಗುಂಪಿಗೆ ಅವರದೇ ಮಜ್ಜೆಯ ಸಾರ, ಒಂದಕ್ಕೆ ಅವರದೇ ಕೊಬ್ಬಿನಿಂದ ತೆಗೆದ ಕೋಶಮಿಶ್ರಣ, ಒಂದಕ್ಕೆ ಹೊಕ್ಕುಳಬಳ್ಳಿಯ ಕೋಶ, ಇನ್ನೊಂದಕ್ಕೆ ನಮ್ಮ ಊರಲ್ಲೂ ಸಿಗುವ ಮಾಮೂಲಿ ಸ್ಟಿರಾಯ್ಡ್ ಚುಚ್ಚುಮದ್ದು. ಒಂದು ವರ್ಷ ಕಾದು ನೋಡಿದರು. ಎಲ್ಲ ಗುಂಪಿನವರಿಗೂ ನೋವು ಸ್ವಲ್ಪ ಕಡಿಮೆಯಾಗಿತ್ತು. ಆದರೆ ಮೂರು ಬಗೆಯ ಕೋಶಗಳಲ್ಲಿ ಒಂದೂ ಸ್ಟಿರಾಯ್ಡ್‌ಗಿಂತ ಮೇಲಾಗಿರಲಿಲ್ಲ. ಲಕ್ಷಗಟ್ಟಲೆ ಕೊಡೋ ಮುಂಚೆ ಈ ಒಂದು ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ.

ನೋವು ಇಳಿಯೋದು ಹೇಗೆ ಅಂತೀರಾ? ಚುಚ್ಚಿದ ಕೋಶಗಳಲ್ಲಿ ಬಹುಪಾಲು ಅಲ್ಲಿ ಬಹಳ ದಿನ ಬದುಕೋದೇ ಇಲ್ಲ. ಇರುವಷ್ಟು ದಿನ ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತವೆ. ಈ ಕೋಶಗಳಿಗೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಅಂತ 1991ರಲ್ಲಿ ಹೆಸರಿಟ್ಟವರು ಅರ್ನಾಲ್ಡ್ ಕ್ಯಾಪ್ಲಾನ್. ಅವರೇ 2017ರಲ್ಲಿ, ಈ ಹೆಸರು ಬದಲಾಯಿಸೋ ಕಾಲ ಬಂತು, ಸ್ಟೆಮ್ ಸೆಲ್ ಅನ್ನೋದರಿಂದ ಜನರಿಗೆ ತಪ್ಪು ಭರವಸೆ ಹುಟ್ಟುತ್ತೆ ಅನ್ನೋ ಅರ್ಥದಲ್ಲಿ ಬರೆದರು. ಹೆಸರಿಟ್ಟವರೇ ಹೆಸರು ಬೇಡ ಅಂದಮೇಲೂ ನಮ್ಮ ಬೋರ್ಡುಗಳ ಮೇಲೆ ಅದೇ ಹೆಸರು ದೊಡ್ಡ ಅಕ್ಷರದಲ್ಲಿ ಹೊಳೀತಿದೆ.

ಇನ್ನು ನಮ್ಮ ಕರ್ನಾಟಕದ ಸುದ್ದಿ. ಇದು ಹೆಮ್ಮೆಯ ಸುದ್ದಿಯೇ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಅನ್ನೋ ಸಂಸ್ಥೆ ತಯಾರಿಸಿದ ಸ್ಟೆಂಪ್ಯೂಸೆಲ್‌ಗೆ ಮೊಣಕಾಲು ಸವೆತದ ಚಿಕಿತ್ಸೆಗಾಗಿ 2022ರಲ್ಲಿ ದೇಶದ ಔಷಧ ಮಹಾನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಸ್ಟೆಮ್‌ಒನ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಆದರೆ ಮೂರು ವಿಷಯ ಗಮನಿಸಿ. ಒಂದು, ಇದು ಕೊಬ್ಬಿನಿಂದ ಬಂದದ್ದಲ್ಲ. ಆರೋಗ್ಯವಂತ ದಾನಿಗಳ ಮಜ್ಜೆಯಿಂದ ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಎಣಿಸಿ, ಪರೀಕ್ಷಿಸಿ ಕೊಡುವಂಥದ್ದು. ಎರಡು, 146 ರೋಗಿಗಳ ಮೇಲೆ ಮೂರನೇ ಹಂತದ ಪರೀಕ್ಷೆ ನಡೆಸಿ, ಅರ್ಧ ಜನರಿಗೆ ಔಷಧ, ಅರ್ಧ ಜನರಿಗೆ ಹುಸಿಮದ್ದು ಕೊಟ್ಟು ಹೋಲಿಸಿದ್ದಾರೆ. ಮೂರು, ಇದು ಎರಡನೇ ಮತ್ತು ಮೂರನೇ ದರ್ಜೆಯ ಸವೆತಕ್ಕೆ ಮಾತ್ರ. ಎಕ್ಸ್‌ರೇಯಲ್ಲಿ ಎಲುಬಿಗೆ ಎಲುಬು ತಾಗುವಂತೆ ಕಾಣುವ ನಾಲ್ಕನೇ ದರ್ಜೆಗೆ ಅಲ್ಲ. ಹಾಗಂತ ಇದನ್ನು ತಗೊಳ್ಳಿ ಅಂತ ನಾನು ಹೇಳ್ತಾ ಇಲ್ಲ, ಅದು ನಿಮ್ಮ ವೈದ್ಯರ ಕೆಲಸ. ಸರಿಯಾದ ದಾರಿ ಹೇಗಿರುತ್ತೆ ಅಂತ ತೋರಿಸೋಕೆ ಹೇಳಿದೆ. ಬೆಂಗಳೂರಿನ ಈ ಒಪ್ಪಿಗೆಯನ್ನು ತೋರಿಸಿ, ನೋಡಿ ಸರ್ಕಾರವೇ ಒಪ್ಪಿದೆ ಅಂತ ಇನ್ನೊಬ್ಬರು ಕೊಬ್ಬು ಚುಚ್ಚಿದರೆ, ಅದು ಪಕ್ಕದ ಮನೆಯವರ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಗಾಡಿ ಓಡಿಸಿದ ಹಾಗೆ.

ಕಾನೂನು ಏನು ಹೇಳುತ್ತೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್‌ನ ಉಳಿದೆಲ್ಲ ಬಳಕೆ ಒಪ್ಪಿಗೆ ಪಡೆದ ಪರೀಕ್ಷೆಯ ಒಳಗೇ ನಡೀಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಸ್ಟೆಮ್ ಸೆಲ್ ಉತ್ಪನ್ನವನ್ನು ಹೊಸ ಔಷಧದ ಸಾಲಿಗೆ ಸೇರಿಸಿವೆ. ಪರೀಕ್ಷೆ ಅಂದಮೇಲೆ ಅದು ಸಿಟಿಆರ್‌ಐ ಅನ್ನೋ ರಾಷ್ಟ್ರೀಯ ನೋಂದಣಿಯಲ್ಲಿ ಇರಲೇಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಆ ನೋಂದಣಿಯನ್ನು ಮೊಬೈಲ್‌ನಲ್ಲೇ ಯಾರು ಬೇಕಾದರೂ ನೋಡಬಹುದು. ಪರೀಕ್ಷೆಗೆ ಒಳಗಾಗುವ ರೋಗಿಯಿಂದ ಆ ಚಿಕಿತ್ಸೆಗೆ ದುಡ್ಡು ಕೇಳಬಾರದು. ದುಡ್ಡು ಕೇಳಿದರು ಅಂದ್ರೆ ಅಲ್ಲೇ ನಿಮ್ಮ ತಲೆಯಲ್ಲಿ ಕೆಂಪು ದೀಪ ಹತ್ತಬೇಕು.

ನಮ್ಮದೇ ಕೊಬ್ಬು, ನಮ್ಮದೇ ಮೊಣಕಾಲು, ಇದರಲ್ಲಿ ಅಪಾಯ ಏನು ಅನ್ನೋರೂ ಇದ್ದಾರೆ. ಅವರಿಗಾಗಿ ಫ್ಲೋರಿಡಾದ ಕಥೆ. ವಯಸ್ಸಾದ ಮೂವರು ಮಹಿಳೆಯರು, ಕಣ್ಣಿನ ದೋಷ. ಹೊಟ್ಟೆಯಿಂದ ಅವರದೇ ಕೊಬ್ಬು ತೆಗೆದು, ಕೋಶ ಬೇರ್ಪಡಿಸಿ, ಅದೇ ದಿನ ಎರಡೂ ಕಣ್ಣಿಗೆ ಚುಚ್ಚಿದರು. ಮೂವರೂ ತೀವ್ರವಾಗಿ ದೃಷ್ಟಿ ಕಳೆದುಕೊಂಡರು. 2017ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿನ ಕ್ಲಿನಿಕ್‌ಗಳು ಕೋರ್ಟಿನಲ್ಲಿ ಇದೇ ವಾದ ಮಾಡಿದವು: ರೋಗಿಯದೇ ಅಂಗಾಂಶ, ಇದು ಔಷಧವಲ್ಲ, ನಮಗೆ ನಿಯಮ ಅನ್ವಯಿಸಲ್ಲ. 2021ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ, 2024ರಲ್ಲಿ ಇನ್ನೊಂದು, ಎರಡೂ ಆ ವಾದ ತಳ್ಳಿಹಾಕಿದವು. ಕೊಬ್ಬಿಗೆ ಕಿಣ್ವ ಹಾಕಿ ಕರಗಿಸಿ, ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದ ಮೇಲೆ ಅದು ಬರೀ ನಿಮ್ಮ ಕೊಬ್ಬಾಗಿ ಉಳಿಯಲ್ಲ. ಕಣ್ಣು ಬೇರೆ, ಮೊಣಕಾಲು ಬೇರೆ, ಒಪ್ಪಿದೆ. ಆದರೆ ಸ್ವಚ್ಛತೆಯಿಲ್ಲದ ಕೋಣೆಯಲ್ಲಿ ತಯಾರಾದದ್ದು ಕೀಲಿನೊಳಗೆ ಹೋಗಿ ಸೋಂಕಾದರೆ, ಇದ್ದ ಮೊಣಕಾಲೂ ಹೋಗುತ್ತೆ.

ಹಾಗಾದರೆ ಇಳಕಲ್‌ನ ಆ ತಾಯಿ ಏನು ಮಾಡಬೇಕು?

ಮೊದಲು ಎಕ್ಸ್‌ರೇ ತೆಗೆಸಿ, ಸವೆತ ಯಾವ ದರ್ಜೆಯದು ಅಂತ ಕೇಳಿ. ಮಾರುವವರ ಹತ್ತಿರ ಕೇಳಬೇಡಿ. ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಅಲ್ಲಿನ ಎಲುಬು ಕೀಲು ವಿಭಾಗದಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. ಸವೆತ ಆರಂಭದ ಹಂತದಲ್ಲಿದ್ದರೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸೋದು. ಇದನ್ನು ಹೇಳಿದರೆ ಜನ ಮುಖ ತಿರುಗಿಸ್ತಾರೆ, ಯಾಕಂದ್ರೆ ಇದು ಪುಕ್ಕಟೆ. ಆದರೆ ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುತ್ತೆ ಅಂತ ಅಳೆದು ನೋಡಿದ್ದಾರೆ. ಹೊಟ್ಟೆಯ ಕೊಬ್ಬು ಮೊಣಕಾಲಿಗೆ ಖಂಡಿತ ಉಪಕಾರ ಮಾಡುವ ದಾರಿ ಸದ್ಯಕ್ಕೆ ಇದೊಂದೇ.

ಕೀಲು ಪೂರ್ತಿ ಸವೆದಿದ್ದರೆ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ಇದೆ. ಅದು ಹಳೆಯದು, ಪರೀಕ್ಷೆಗೆ ಒಳಗಾದದ್ದು, ಅದಕ್ಕೂ ತನ್ನದೇ ಅಪಾಯಗಳಿವೆ, ಆದರೆ ಆ ಅಪಾಯಗಳು ಗೊತ್ತಿರುವಂಥವು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಬಗೆಗೆ ಆಗ ನಿಗದಿಯಾದ ಗರಿಷ್ಠ ಬೆಲೆ 54,720 ರೂಪಾಯಿ, ತೆರಿಗೆ ಬೇರೆ. ಬಿಲ್‌ನಲ್ಲಿ ಇಂಪ್ಲಾಂಟ್ ಬೆಲೆಯನ್ನು ಬೇರೆಯಾಗಿ ತೋರಿಸಿ ಅಂತ ಕೇಳಿ. ನಿಮ್ಮ ಕಾರ್ಡಿಗೆ ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬಂಗಾರ ಮಾರುವ ಮಾತು ಅದಾದ ಮೇಲೆ.

ಕೊನೆಗೆ, ಯಾವ ಕ್ಲಿನಿಕ್ಕೂ ಹೇಳದ ಒಂದು ಮಾತು ನೀರಿನ ಬಗ್ಗೆ. ಹುನಗುಂದ, ಇಳಕಲ್ ಭಾಗದ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಅನ್ನೋದು ಹಳೆಯ ಸಂಗತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನೋದು ಭಾರತದ ಮಾನದಂಡ. ಅದಕ್ಕೂ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಆಮೇಲೆ ದೊಡ್ಡವರ ಎಲುಬು ನೋಡೋಕೆ ಗಟ್ಟಿ, ಒಳಗೆ ಪೆಡಸು. ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ, ಸ್ನಾಯುಬಂಧಗಳೇ ಸುಣ್ಣಗಟ್ಟುತ್ತವೆ. ಮನೆಯವರು ವಾತ ಅಂತಾರೆ, ಎಣ್ಣೆ ತಿಕ್ತಾರೆ. ಆ ಎಲುಬನ್ನು ಮೊದಲಿನಂತೆ ಮಾಡುವ ಕೋಶ ಕೊಬ್ಬಿನಲ್ಲಿಲ್ಲ, ಮಜ್ಜೆಯಲ್ಲಿಲ್ಲ. ಅದನ್ನು ತಡೆಯೋದು ಶುದ್ಧ ನೀರು ಮಾತ್ರ.

ಹಾಗಾಗಿ ಜಿಲ್ಲಾ ಆಡಳಿತಕ್ಕೆ ಎರಡು ಪ್ರಶ್ನೆ. ಊರೂರಲ್ಲಿ ನಾಣ್ಯ ಹಾಕಿ ಕೊಡ ತುಂಬಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆಯಲ್ಲ, ಅವುಗಳಲ್ಲಿ ಎಷ್ಟು ಇವತ್ತು ಓಡ್ತಿವೆ, ಎಷ್ಟಕ್ಕೆ ಬೀಗ ಬಿದ್ದಿದೆ? ಮೊಣಕಾಲಿಗೆ ಸ್ಟೆಮ್ ಸೆಲ್ ಅಂತ ಬೋರ್ಡ್ ಹಾಕಿದವರಲ್ಲಿ, ಶಿಬಿರ ನಡೆಸಿದವರಲ್ಲಿ ಎಷ್ಟು ಜನರ ಅನುಮತಿ ಪತ್ರವನ್ನು ಆರೋಗ್ಯ ಇಲಾಖೆ ಕೇಳಿ ನೋಡಿದೆ? ಎರಡಕ್ಕೂ ಸಂಖ್ಯೆಯಲ್ಲಿ ಉತ್ತರ ಬೇಕು. ಪರಿಶೀಲಿಸುತ್ತೇವೆ ಅನ್ನೋದು ಉತ್ತರ ಅಲ್ಲ.

ವೀಕ್ಷಕರಿಗೂ ಒಂದು ಮಾತು. ಕೊಬ್ಬಿನ ಕೋಶದಿಂದ ಎಲುಬು, ಕಾರ್ಟಿಲೇಜ್ ಬೆಳೆಸುವ ದಿನ ಬರಬಹುದು. ಅದಕ್ಕಾಗಿ ದುಡಿಯುತ್ತಿರುವ ವಿಜ್ಞಾನಿಗಳ ಮೇಲೆ ನನಗೆ ಗೌರವ ಇದೆ. ಅವತ್ತು ಇದೇ ಸ್ಟುಡಿಯೋದಲ್ಲಿ ಕೂತು ಆ ಸುದ್ದಿಯನ್ನು ಖುಷಿಯಿಂದ ಓದ್ತೀನಿ. ಆ ದಿನ ಬರೋ ಮೊದಲೇ ಅದರ ಹೆಸರಲ್ಲಿ ರಸೀದಿ ಹರಿಯುವವರಿಗೆ ನಿಮ್ಮವ್ವನ ಬಂಗಾರ ಕೊಡಬೇಡಿ. ಅನುಮತಿ ಪತ್ರ ತೋರಿಸಿ ಅಂತ ಕೇಳಿ, ಸಿಟಿಆರ್‌ಐ ನಂಬರ್ ಕೇಳಿ, ಎಲ್ಲವನ್ನೂ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಕೇಳಿದ್ದಕ್ಕೆ ಅವರು ಸಿಟ್ಟಾದರೆ ಎದ್ದು ಬನ್ನಿ. ಉತ್ತರ ಸಿಕ್ಕಂತೆಯೇ.